ಕೂಸಿಗೆ ಮೆದುಳಿನ ಟಿ.ಬಿ. ಎಂದರೆ ಮನೆಯಲ್ಲಿ ಯಾರೋ ಕೆಮ್ಮುತ್ತಿದ್ದಾರೆ

ಟಿ.ಬಿ. ರೋಗಿಗಳ ವಿವರ ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅದು ಒಂದೇ ಸಾಲು. ಹೆಣ್ಣು, ವಯಸ್ಸು 2, ತೂಕ 9 ಕೆ.ಜಿ., ಟಿ.ಬಿ. ಇರುವ ಜಾಗ ಮೆದುಳು. ಕೆಳಗೆ ಅಪ್ಪನ ಮೊಬೈಲ್ ನಂಬರು, ಊರಿನ ಹೆಸರು. ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಶುರು ಮಾಡಿದವರು ಮುಂದಿನ ಔಷಧಿಗೆಂದು ಆ ಸಾಲನ್ನು ನಮ್ಮ ತಾಲ್ಲೂಕಿಗೆ ದಾಟಿಸಿರುತ್ತಾರೆ. ಅಂಥ ಸಾಲು ಕಂಡ ದಿನ ಉಳಿದ ಹಳ್ಳಿಗಳ ಕೆಲಸ ಬಿಟ್ಟು ಮೊದಲು ಆ ಮನೆಯ ಕಡೆ ಗಾಡಿ ತಿರುಗಿಸುತ್ತೇನೆ. ಕೂಸು ಇನ್ನೂ ಆಸ್ಪತ್ರೆಯಲ್ಲೇ ಇರುತ್ತದೆ, ಗೊತ್ತು. ನಾನು ಹೋಗುವುದು ಕೆಮ್ಮುತ್ತಿರುವವರನ್ನು ಹುಡುಕಲು.

ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಾನು ಕ್ಷಯರೋಗ ವಿಭಾಗದ ಹಿರಿಯ ಚಿಕಿತ್ಸಾ ಮೇಲ್ವಿಚಾರಕ. ಕಚೇರಿಯಲ್ಲಿ ಎಸ್‌ಟಿಎಸ್, ಹಳ್ಳಿಗಳಲ್ಲಿ ‘ಟಿ.ಬಿ. ಸರ’. ಡಾಕ್ಟರಲ್ಲ. ಗುಳಿಗೆ ಮುಟ್ಟಿಸುವುದು, ತೂಕ ನೋಡುವುದು, ಔಷಧಿ ಬಿಟ್ಟವರನ್ನು ಮತ್ತೆ ಕರೆತರುವುದು, ಮನೆಮಂದಿಯ ಪಟ್ಟಿ ಮಾಡುವುದು ನನ್ನ ಕೆಲಸ. ಇಲ್ಲಿರುವ ವೈದ್ಯಕೀಯ ಸಂಗತಿಗಳು ತರಬೇತಿಯಲ್ಲಿ ಕಲಿತವು, ಮಕ್ಕಳ ಡಾಕ್ಟರುಗಳ ಪಕ್ಕ ನಿಂತು ಕೇಳಿ ತಿಳಿದವು. ಮನೆಗಳ ಸಂಗತಿ ನಾನೇ ಕಂಡದ್ದು. ಗುರುತು ಸಿಗಬಾರದೆಂದು ಊರು, ಹೆಸರು ಬಿಟ್ಟಿದ್ದೇನೆ.

ಅಪರೂಪದ ಕಾಯಿಲೆ ಎನ್ನುತ್ತಾರೆ. ಲೆಕ್ಕಕ್ಕೆ ನಿಜ. ಟಿ.ಬಿ. ಬಂದವರಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಬ್ಬರಿಗೆ ಅದು ಮೆದುಳಿನ ಪೊರೆಗೆ ಇಳಿಯುತ್ತದೆ. ಸಣ್ಣ ಮಕ್ಕಳಲ್ಲಿ ಈ ಪಾಲು ಹೆಚ್ಚು. ಆದರೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನಕ್ಕೆ ಹೊಸದಾಗಿ ಟಿ.ಬಿ. ಬಂತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅದರಲ್ಲಿ ನಾಲ್ಕನೇ ಒಂದು ಪಾಲು ನಮ್ಮ ದೇಶದ್ದೇ. ಅಷ್ಟು ದೊಡ್ಡ ರಾಶಿಯಲ್ಲಿ ನೂರಕ್ಕೆ ಒಂದು ಎಂದರೆ ಎಷ್ಟು ಮನೆ ಆಯಿತು ನೋಡಿ. ಅಪರೂಪ ಎನ್ನುವ ಮಾತಿಗೆ ನಮ್ಮ ಕಡೆಯ ಮಕ್ಕಳ ವಾರ್ಡಿನಲ್ಲಿ ಅಷ್ಟು ಬೆಲೆ ಇಲ್ಲ.

ಆ ಎರಡು ವರ್ಷದ ಹುಡುಗಿಯ ಅಪ್ಪ-ಅವ್ವ ಬೆಂಗಳೂರಿಗೆ ದುಡಿಯಲು ಹೋದವರು. ಸೆಂಟ್ರಿಂಗ್ ಕೆಲಸ ಗಂಡನಿಗೆ, ಮರಳು-ಇಟ್ಟಿಗೆ ಹೊರುವುದು ಹೆಂಡತಿಗೆ. ಕಟ್ಟಡದ ಶೆಡ್ಡಿನಲ್ಲಿ ಕೂಸು ಯಾಕೆಂದು ಊರಲ್ಲಿ ಅಜ್ಜ-ಅಜ್ಜಿಯ ಹತ್ತಿರ ಬಿಟ್ಟಿದ್ದರು. ನಮ್ಮ ಕಡೆ ಅರ್ಧ ಊರಿನ ಸಂಸಾರ ಹೀಗೇ ನಡೆಯುತ್ತದೆ. ಮನೆ ಎಂದರೆ ಪಡಸಾಲೆ, ಒಳಗೊಂದು ಕೋಣೆ, ಒಂದು ಸಣ್ಣ ಬೆಳಕಿಂಡಿ. ಅಜ್ಜನಿಗೂ ಮೊಮ್ಮಗಳಿಗೂ ಒಂದೇ ಕೌದಿ. ಅವಳಿಗೆ ಊಟ ಮಾಡಿಸುವವನು ಅವನೇ, ಹೆಗಲ ಮೇಲೆ ಹೊತ್ತು ಕಟ್ಟೆಯವರೆಗೆ ತಿರುಗಿಸುವವನೂ ಅವನೇ. ಅಜ್ಜ ಕಲ್ಲು ಕ್ವಾರಿಯಲ್ಲಿ ವರ್ಷಗಟ್ಟಲೆ ದುಡಿದವನು. ಇಳಕಲ್ಲಿನ ಕೆಂಪು ಗ್ರಾನೈಟ್ ಸಿಗುವ ಸೀಮೆ ಇದು. ಕಲ್ಲಿನ ಧೂಳು ಎದೆಗೆ ಹೊಕ್ಕವರಿಗೆ ಟಿ.ಬಿ. ಬಲುಬೇಗ ಹತ್ತುತ್ತದೆ. ಅವನು ಬೇಸಿಗೆಯಿಂದಲೇ ಕೆಮ್ಮುತ್ತಿದ್ದ. ರಾತ್ರಿ ಬೆವರು, ಪಂಚೆ ಸಡಿಲವಾಗುವಷ್ಟು ಸೊರಗಿದ್ದ. ಕ್ವಾರಿ ಧೂಳಿನ ಕೆಮ್ಮು ಎಂದು ಅವನೂ ನಂಬಿದ್ದ, ಮನೆಯವರೂ ನಂಬಿದ್ದರು.

ಅವನು ಕೆಮ್ಮಿದಾಗ ಗಾಳಿಗೆ ಬಂದ ಕ್ರಿಮಿ ಕೂಸಿನ ಪುಪ್ಪುಸಕ್ಕೆ ಹೋಗಿದೆ. ದೊಡ್ಡವರಲ್ಲಾದರೆ ಬಹುಪಾಲು ಮಂದಿಯಲ್ಲಿ ಅದು ಅಲ್ಲೇ ಸುಮ್ಮನೆ ಮಲಗಿಬಿಡುತ್ತದೆ. ಐದು ವರ್ಷದೊಳಗಿನ, ಅದರಲ್ಲೂ ಎರಡು ವರ್ಷದೊಳಗಿನ ಮಕ್ಕಳ ಮೈಗೆ ಅದನ್ನು ಕಟ್ಟಿಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಎದೆಯ ಗಂಟುಗಳಿಗೆ ಇಳಿದು, ಅಲ್ಲಿಂದ ರಕ್ತ ಸೇರಿ, ಮೆದುಳಿನಲ್ಲೋ ಅದರ ಪೊರೆಯಲ್ಲೋ ಕಾಳಿನಷ್ಟು ಸಣ್ಣ ಹುಣ್ಣಾಗಿ ಕೂರುತ್ತದೆ. ಅಮೆರಿಕದ ರಿಚ್ ಮತ್ತು ಮೆಕಾರ್ಡಕ್ ಎಂಬ ಇಬ್ಬರು ರೋಗಶಾಸ್ತ್ರಜ್ಞರು 1933ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಕ್ರಿಮಿ ರಕ್ತದಿಂದ ನೇರ ಪೊರೆಗೆ ಹರಡುವುದಿಲ್ಲ, ಮೊದಲು ಹೀಗೆ ಹುಣ್ಣಾಗಿ ಕೂತು, ಅದು ಒಡೆದಾಗ ಪೊರೆಯ ನೀರಿಗೆ ಬೀಳುತ್ತದೆ. ಒಡೆದ ಮೇಲೆ ಮೆದುಳಿನ ತಳದಲ್ಲಿ ದಪ್ಪನೆಯ ಕೀವಿನಂಥ ಪದಾರ್ಥ ಕಟ್ಟಿಕೊಳ್ಳುತ್ತದೆ. ನಮ್ಮ ಎಡದಂಡೆ ಕಾಲುವೆಗೆ ಹೂಳು ತುಂಬಿದರೆ ನೀರು ಹಿಂದಕ್ಕೆ ಒತ್ತಿ ದಂಡೆ ಬಿರಿಯುವ ಹಾಗೆ, ಮೆದುಳಿನ ಒಳಗೆ ಹುಟ್ಟುವ ನೀರು ಹೊರಹೋಗುವ ದಾರಿ ಮುಚ್ಚಿ ಒಳಗೇ ತುಂಬಿ ಒತ್ತುತ್ತದೆ. ಅದೇ ತಳದಲ್ಲಿ ಕಣ್ಣಿನ ನರಗಳು ಹಾದುಹೋಗುತ್ತವೆ, ಅವು ಸಿಕ್ಕಿಕೊಂಡು ಕಣ್ಣು ಮೆಳ್ಳೆಯಾಗುತ್ತದೆ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಊದಿ ಮುಚ್ಚಿದರೆ ಎರಡು ವರ್ಷದ ಕೂಸಿಗೆ ಲಕ್ವ ಹೊಡೆಯುತ್ತದೆ.

ಇಷ್ಟೆಲ್ಲ ಆಗಲು ವರ್ಷಗಳು ಬೇಕಿಲ್ಲ. ಸ್ವೀಡನ್ನಿನ ಮಕ್ಕಳ ಡಾಕ್ಟರ್ ಆರ್ವಿಡ್ ವಾಲ್‌ಗ್ರೆನ್ 1948ರಲ್ಲಿ ಮಕ್ಕಳ ಟಿ.ಬಿ.ಗೆ ಒಂದು ವೇಳಾಪಟ್ಟಿಯನ್ನೇ ಬರೆದಿಟ್ಟರು. ಮೆದುಳಿಗೆ ಇಳಿಯುವುದಿದ್ದರೆ ಸಾಮಾನ್ಯವಾಗಿ ಸೋಂಕು ತಗುಲಿದ ಮೊದಲ ಕೆಲವು ತಿಂಗಳೊಳಗೇ ಇಳಿಯುತ್ತದೆ. ನನ್ನ ಇಡೀ ಕೆಲಸ ನಿಂತಿರುವುದು ಆ ಕೆಲವು ತಿಂಗಳ ಮೇಲೆ. ಕೆಮ್ಮುವವರು ಪತ್ತೆಯಾಗುವುದಕ್ಕೂ ಕೂಸಿಗೆ ಫಿಟ್ಸ್ ಬರುವುದಕ್ಕೂ ನಡುವೆ ಒಂದು ದಾರಿ ತೆರೆದಿರುತ್ತದೆ, ಮತ್ತು ಅದು ಬೇಗ ಮುಚ್ಚುತ್ತದೆ.

ಹುಡುಗಿಗೆ ಮೊದಲು ಬಂದದ್ದು ಬರೀ ಸಣ್ಣ ಜ್ವರ. ಊಟ ಬಿಟ್ಟಳು. ಆಡಲಿಲ್ಲ. ಅಜ್ಜಿ ಹೇಳಿದ ಮಾತು ನನ್ನ ನೆನಪಿನಲ್ಲಿದೆ: “ಸುಮ್ ಸುಮ್ನ ಅಳೂದು ಸರ, ಎತ್ಕೊಂಡ್ರೂ ಅಳೂದು, ಇಳಿಸಿದ್ರೂ ಅಳೂದು.” ಕೂಸಿಗೆ ತಲೆನೋವು ಎಂದು ಹೇಳಲು ಬರುವುದಿಲ್ಲ, ಅದು ಅಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ವಾಂತಿ. ದೃಷ್ಟಿ ತೆಗೆದರು, ಊರ ಡಾಕ್ಟರ ಹತ್ತಿರ ಸೂಜಿ ಮಾಡಿಸಿದರು. ತಾಲ್ಲೂಕಿಗೆ ಬಂದು ರಕ್ತ ತೋರಿಸಿದಾಗ ಟೈಫಾಯ್ಡ್ ಎಂದಾಯಿತು, ಸಲೈನ್ ಏರಿತು. ಒಂದೆರಡು ದಿನ ಜ್ವರ ಇಳಿದಂತೆ ಕಂಡು ಮತ್ತೆ ಏರಿತು. ಆಮೇಲೆ ನಿದ್ದೆ ಶುರುವಾಯಿತು. ಕರೆದರೆ ಕಣ್ಣು ಬಿಡುವುದು, ಮತ್ತೆ ಮುಚ್ಚುವುದು. “ಕೂಸು ಮಬ್ ಹಿಡದಾಂಗ ಆತ್ರಿ.” ಒಂದು ಸಂಜೆ ಬಲಗಣ್ಣು ಮೂಗಿನ ಕಡೆ ತಿರುಗಿತು, ರಾತ್ರಿ ಫಿಟ್ಸ್ ಬಂತು. ಜ್ವರ ಶುರುವಾಗಿ ಆಗ ಮೂರನೇ ವಾರ.

ಇದರಲ್ಲಿ ಯಾವ ಲಕ್ಷಣವೂ ಟಿ.ಬಿ. ಎಂದು ಕೂಗಿ ಹೇಳುವುದಿಲ್ಲ. ಕೂಸು ಕೆಮ್ಮುವುದೇ ಇಲ್ಲ ಎಷ್ಟೋ ಸಲ. ಸಾದಾ ಜ್ವರಕ್ಕೂ ಇದಕ್ಕೂ ವ್ಯತ್ಯಾಸ ಕಾಲದಲ್ಲಿ ಕಾಣಬೇಕು: ವಾರ ದಾಟಿದ ಜ್ವರ, ವಾರ ದಾಟಿದ ವಾಂತಿ, ತೂಕ ಇಳಿದ ಮೈ, ಸ್ವಭಾವವೇ ಬದಲಾದ ಕೂಸು. ಇವುಗಳ ಜೊತೆ ಮನೆಯಲ್ಲೊಂದು ಹಳೇ ಕೆಮ್ಮು ಇದ್ದರೆ ಮುಂದೆ ಕಾಯಲು ಏನೂ ಉಳಿದಿಲ್ಲ. ಆ ಮೂರು ವಾರದಲ್ಲಿ ಯಾರಾದರೂ ಒಬ್ಬರು ಅಜ್ಜಿಯನ್ನು ‘ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯಾ’ ಎಂದು ಕೇಳಿದ್ದರೆ ಉತ್ತರ ಪಕ್ಕದಲ್ಲೇ ಕೂತು ಕೆಮ್ಮುತ್ತಿತ್ತು.

ಹುಬ್ಬಳ್ಳಿಯಲ್ಲಿ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿದರು. ಮೆದುಳಿನ ಒಳಗಿನ ನೀರಿನ ಕೋಣೆಗಳು ಹಿಗ್ಗಿದ್ದವು. ಬೆನ್ನಿನಿಂದ ನೀರು ತೆಗೆಯಬೇಕೆಂದಾಗ ಬೆಂಗಳೂರಿನಿಂದ ಓಡಿಬಂದ ಅಪ್ಪ ಸಹಿ ಹಾಕಲು ಒಪ್ಪಲಿಲ್ಲ. ನನಗೆ ಫೋನ್ ಮಾಡಿದ್ದು ಆಗಲೇ. “ಬೆನ್ನಾಗಿನ ನೀರು ತಗದ್ರ ಕಾಲು ಹೋಗ್ತಾವಂತ ಸರ?” ನಮ್ಮ ಕಡೆ ಪ್ರತಿ ಊರಿನಲ್ಲೂ ಈ ಮಾತಿದೆ. ಅದು ಹುಟ್ಟಿರುವ ಬಗೆ ನನಗೆ ಅರ್ಥವಾಗುತ್ತದೆ. ಈ ಕಾಯಿಲೆಯಲ್ಲಿ ಕೆಲವು ಮಕ್ಕಳ ಕೈಕಾಲು ನಿಜಕ್ಕೂ ಹೋಗುತ್ತವೆ, ಅದೇ ಮಕ್ಕಳಿಗೆ ಬೆನ್ನಿನ ನೀರನ್ನೂ ತೆಗೆದಿರುತ್ತಾರೆ. ಕಂಡವರು ಎರಡನ್ನೂ ಒಂದಕ್ಕೊಂದು ಗಂಟು ಹಾಕಿದರು. ಸೂಜಿ ಹೋಗುವುದು ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ ಎಂದು ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು “ಆತ್ರಿ” ಎಂದ.

ಕೀವಿನ ಮೆದುಳು ಜ್ವರದಲ್ಲಿ ಆ ನೀರು ಕದಡಿರುತ್ತದೆ. ಟಿ.ಬಿ.ಯಲ್ಲಿ ಬಹಳ ಸಲ ತಿಳಿಯಾಗಿಯೇ ಕಾಣುತ್ತದೆ. ಕೊಳವೆಯಲ್ಲಿ ಹಾಗೇ ಬಿಟ್ಟರೆ ಒಳಗೆ ಜೇಡರ ಬಲೆಯಂಥ ತೆಳು ಎಳೆ ಕಟ್ಟುತ್ತದೆ. ಸಕ್ಕರೆ ಅಂಶ ಕಡಿಮೆ, ಪ್ರೋಟೀನ್ ಜಾಸ್ತಿ. ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಕಾಣುವುದು ಬಲು ಅಪರೂಪ, ಏಕೆಂದರೆ ಇರುವುದೇ ಕೆಲವೇ ಕೆಲವು. ಈಗ ಸಿಬಿನಾಟ್ ಯಂತ್ರವಿದೆ, ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನಾಟ್ ಇದೆ. ಕ್ರಿಮಿಯ ಡಿ.ಎನ್.ಎ.ಯನ್ನೇ ಗುರುತಿಸಿ ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ಆದರೂ ಮಕ್ಕಳ ಬೆನ್ನಿನ ನೀರಿನಲ್ಲಿ ‘ಇಲ್ಲ’ ಎಂದು ಬಂದ ಮಾತ್ರಕ್ಕೆ ಇಲ್ಲ ಎಂದು ಕೈಬಿಡುವಂತಿಲ್ಲ. ಒಳ್ಳೆಯ ಮಕ್ಕಳ ಡಾಕ್ಟರು ಯಂತ್ರದ ಉತ್ತರಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ. ಈ ಹುಡುಗಿಗೂ ಹಾಗೇ ಆಯಿತು. ಆ ಡಾಕ್ಟರಮ್ಮ ಮಾಡಿದ ಇನ್ನೊಂದು ಕೆಲಸಕ್ಕೆ ನಾನು ಯಾವಾಗಲೂ ಋಣಿ. ವಾರ್ಡಿನಿಂದಲೇ ನನಗೆ ಫೋನ್ ಮಾಡಿ, “ಮನೆಯಲ್ಲಿ ಅಜ್ಜ ಕೆಮ್ಮುತ್ತಾರಂತೆ, ಇವತ್ತೇ ನೋಡಿ” ಎಂದರು.

ಅಜ್ಜನ ಕಫದ ಡಬ್ಬಿಯನ್ನು ನಾನೇ ತಾಲ್ಲೂಕು ಲ್ಯಾಬಿಗೆ ಒಯ್ದೆ. ಪಾಸಿಟಿವ್ ಬಂತು.

ಹುಡುಗಿಯ ತಲೆಯ ನೀರು ಇಳಿಸಲು ಶಂಟ್ ಹಾಕಿದರು. ತಲೆಯಿಂದ ಹೊಟ್ಟೆಗೆ ಚರ್ಮದಡಿ ಹೋಗುವ ಸಣ್ಣ ನಳಿಗೆ ಅದು, ಕಿವಿಯ ಹಿಂದೆ ಬೆರಳಿಟ್ಟರೆ ಸಿಗುತ್ತದೆ. ಮನೆಗೆ ಬಂದಾಗ ಮುಂಡನ ಮಾಡಿದ ತಲೆ, ಮೂಗಿನಲ್ಲಿ ಹಾಲಿನ ನಳಿಗೆ, ಬಲಗೈ ಬಲಗಾಲು ಬಿಗಿ. ಅವ್ವ ಕೆಲಸ ಬಿಟ್ಟು ಊರಿಗೆ ಬಂದಳು. ಚಿಕಿತ್ಸೆ ಒಂದು ವರ್ಷದ್ದು: ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಉಳಿದ ಹತ್ತು ತಿಂಗಳು ಮೂರು. ಮಕ್ಕಳ ಗುಳಿಗೆ ನೀರಿನಲ್ಲಿ ಕರಗುತ್ತದೆ. 8ರಿಂದ 11 ಕೆ.ಜಿ.ಯವರಿಗೆ ಎರಡು, 12 ಮುಟ್ಟಿದರೆ ಮೂರು. ಆದ್ದರಿಂದ ತಿಂಗಳಿಗೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಕ ನೋಡುತ್ತಿದ್ದೆ. ಈ ಔಷಧಿಗಳಲ್ಲೊಂದಾದ ರಿಫಾಂಪಿಸಿನ್‌ನಿಂದ ಉಚ್ಚೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ ಎಂದು ಮೊದಲ ದಿನವೇ ಹೇಳಿಬಿಡಬೇಕು. ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಅಂದೇ ನಿಲ್ಲಿಸುತ್ತಾರೆ. ಕಣ್ಣು ಹಳದಿಯಾದರೆ, ಒಂದೇ ಸಮ ವಾಂತಿಯಾದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ.

ಮೊದಲ ವಾರಗಳಲ್ಲಿ ಟಿ.ಬಿ. ಔಷಧಿಯ ಜೊತೆ ಸ್ಟೀರಾಯ್ಡ್ ಕೊಡುತ್ತಾರೆ. ಕ್ರಿಮಿ ಸಾಯುವಾಗಲೂ ಮೆದುಳು ಊದುತ್ತದೆ, ಆ ಊತ ತಗ್ಗಿಸಲು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಕಡೆಯ ಡಾಕ್ಟರುಗಳು 141 ಮಕ್ಕಳನ್ನು ಗಮನಿಸಿ, ಸ್ಟೀರಾಯ್ಡ್ ಪಡೆದ ಮಕ್ಕಳಲ್ಲಿ ಸಾವು ಕಡಿಮೆ ಎಂದು 1997ರಲ್ಲಿ ತೋರಿಸಿದರು. ಅದರಿಂದ ಹಸಿವು ಹೆಚ್ಚಿ ಮುಖ ದುಂಡಗಾಗುತ್ತದೆ. ಈ ಹುಡುಗಿಯ ಅವ್ವ ಅದನ್ನು ಕಂಡು ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟಿದ್ದಳು. ಮಗಳು ಮೈ ತುಂಬಿಕೊಂಡಳೆಂಬ ಸಂತೋಷ ಅವಳದು. ಮೈ ನಿಜವಾಗಿ ತುಂಬಿದ್ದು ಮುಂದಿನ ತಿಂಗಳುಗಳಲ್ಲಿ. ಆದರೆ ಆ ದಿನದ ಬೊಟ್ಟಿಗೆ ನಾನೇನೂ ಹೇಳಲಿಲ್ಲ. ಆ ಮನೆಯಲ್ಲಿ ಆಗ ಇದ್ದ ಸಂತೋಷ ಅದೊಂದೇ.

ಬದುಕುಳಿಯುವುದರ ಲೆಕ್ಕವನ್ನೂ ಹೇಳಬೇಕು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಟಿ.ಬಿ. ಔಷಧಿ ಬರುವವರೆಗೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಲೇ ಇರಲಿಲ್ಲ ಎನ್ನಬಹುದು. ಈಗಿನ ಸ್ಥಿತಿಯೂ ಸಮಾಧಾನ ಪಡುವಂಥದ್ದಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚಿಕಿತ್ಸೆ ಸಿಕ್ಕ ಮಕ್ಕಳಲ್ಲೂ ಸುಮಾರು ಐವರಲ್ಲಿ ಒಬ್ಬರು ತೀರಿಹೋಗುತ್ತಾರೆ. ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಏನಾದರೊಂದು ಊನ. ಆಸ್ಪತ್ರೆ ಮುಟ್ಟಿದಾಗ ಕೂಸಿಗೆ ಎಚ್ಚರವಿತ್ತೇ, ಮಬ್ಬಿತ್ತೇ, ಪೂರ್ತಿ ಪ್ರಜ್ಞೆ ತಪ್ಪಿತ್ತೇ ಎನ್ನುವುದೇ ಹೆಚ್ಚಿನ ಪಾಲು ನಿರ್ಧರಿಸುತ್ತದೆ. ಟೈಫಾಯ್ಡ್ ಸಲೈನಿನಲ್ಲಿ ಹೋದ ಆ ದಿನಗಳ ಬಗ್ಗೆ ನನಗೆ ಇವತ್ತಿಗೂ ಸಂಕಟ ಅದಕ್ಕೇ.

ಎಲ್ಲ ಮೆದುಳಿನ ಟಿ.ಬಿ.ಯೂ ಹೀಗೇ ಬರುವುದಿಲ್ಲ. ಇನ್ನೊಂದು ಹಳ್ಳಿಯ ಶಾಲೆ ಹುಡುಗ, ಆರೋಗ್ಯವಾಗಿದ್ದವನು, ಕಬಡ್ಡಿ ಆಡುವಾಗ ಒಂದು ಕೈ ಜಗ್ಗಿ ಫಿಟ್ಸ್ ಬಂದು ಬಿದ್ದ. ಜ್ವರ ಇಲ್ಲ, ಏನಿಲ್ಲ. ಸಿ.ಟಿ.ಯಲ್ಲಿ ಉಂಗುರದಂಥ ಒಂದು ಕಲೆ. ಅದು ಟಿ.ಬಿ. ಗಡ್ಡೆಯೂ ಆಗಬಹುದು, ಲಾಡಿಹುಳದ ಮರಿ ಮೆದುಳಿಗೆ ಹೋಗಿ ಕಟ್ಟಿದ ಗುಳ್ಳೆಯೂ ಆಗಬಹುದು, ಎರಡೂ ನಮ್ಮಲ್ಲಿ ಉಂಟು. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ರಾಜಶೇಖರ್ ಮತ್ತು ಚಾಂಡಿ ಎಂಬ ನರ ಶಸ್ತ್ರವೈದ್ಯರು ಇವೆರಡನ್ನು ಬೇರ್ಪಡಿಸುವ ಗುರುತುಗಳನ್ನು ಹಾಕಿಕೊಟ್ಟಿದ್ದಾರೆ: 20 ಮಿಲಿಮೀಟರ್‌ಗಿಂತ ಸಣ್ಣದು, ದುಂಡಗಿದೆ, ಮೆದುಳನ್ನು ಪಕ್ಕಕ್ಕೆ ತಳ್ಳಿಲ್ಲ ಎಂದರೆ ಹುಳದ ಗುಳ್ಳೆ ಇರುವ ಸಂಭವ ಹೆಚ್ಚು. ಆ ಹುಡುಗನದು ದೊಡ್ಡದಿತ್ತು, ಅಂಚು ಅಂಕುಡೊಂಕು. ಗುಳಿಗೆ ಶುರುವಾದ ಕೆಲವು ತಿಂಗಳಿಗೆ ಗಡ್ಡೆ ಇನ್ನಷ್ಟು ಊದಿ ಮತ್ತೆ ಫಿಟ್ಸ್ ಬಂತು, ಅಪ್ಪ ಡಬ್ಬಿಯನ್ನೇ ನನ್ನ ಕೈಗೆ ವಾಪಸು ತಂದಿಟ್ಟ. ಔಷಧಿ ಹಿಡಿಯುತ್ತಿರುವಾಗಲೇ ಹೀಗೆ ಊದುವುದುಂಟು, ಮೈ ಸತ್ತ ಕ್ರಿಮಿಯ ವಿರುದ್ಧ ಕಾದಾಡುವಾಗ. ಡಾಕ್ಟರು ಬೇರೆ ಔಷಧಿ ಸೇರಿಸಿದರು, ಗುಳಿಗೆ ನಿಲ್ಲಿಸಲಿಲ್ಲ. ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ.

ಮತ್ತೆ ಆ ಹುಡುಗಿಯ ಮನೆಗೆ ಬರುತ್ತೇನೆ. ಅಜ್ಜನಿಗೆ ಔಷಧಿ ಶುರುವಾದ ಮೇಲೆ ಅವನು ದನದ ಕೊಟ್ಟಿಗೆಗೆ ಹಾಸಿಗೆ ಒಯ್ದ. ಊಟ ಅಲ್ಲಿಗೇ. ಮೊಮ್ಮಗಳು ಆಸ್ಪತ್ರೆಯಿಂದ ಬಂದ ದಿನವೂ ಬಾಗಿಲಿನಿಂದಾಚೆ ನಿಂತು ನೋಡಿ ಹೋದನಂತೆ. ಒಂದು ದಿನ ಗುಳಿಗೆ ಕೊಡಲು ಹೋದಾಗ ನನ್ನನ್ನು ಕೂರಿಸಿ ಕೇಳಿದ: “ಸರ, ಖರೇ ಹೇಳ್ರಿ. ಇದನ ಕೂಸಿಗೆ ನಾನ ಕೊಟ್ಟೆ ಏನ್ರಿ?”

ಸುಳ್ಳು ಹೇಳಬಹುದಿತ್ತು. ಹೇಳಿದರೆ ಅವನು ನಂಬುತ್ತಿರಲಿಲ್ಲ. “ನಿಮ್ಮ ಕೆಮ್ಮಿನಿಂದಲೇ ಬಂದಿರಬೇಕು ಅಜ್ಜಾರ. ಆದರ ನಿಮಗ ಅದು ಟಿ.ಬಿ. ಅಂತ ಯಾರು ಹೇಳಿದ್ರು? ಬ್ಯಾಸಗ್ಯಾಗ ನೀವು ಎಲ್ಲೆಲ್ಲಿ ತೋರಿಸಿದ್ರಿ ಹೇಳ್ರಿ.” ಅವನು ಹೇಳಿದ. ಊರ ಡಾಕ್ಟರು, ಆಮೇಲೆ ಒಂದು ದವಾಖಾನೆ, ಆಮೇಲೆ ಇನ್ನೊಂದು. ಪ್ರತಿಯೊಂದು ಕಡೆಯಿಂದಲೂ ಕೆಮ್ಮಿನ ಔಷಧಿಯ ಬಾಟಲಿ. ಗೂಡಿನಲ್ಲಿ ಆ ಖಾಲಿ ಬಾಟಲಿಗಳು ಸಾಲಾಗಿ ಇನ್ನೂ ಇದ್ದವು, ಒಂದರಲ್ಲಿ ಅಜ್ಜಿ ಸೀಮೆಎಣ್ಣೆ ಹಾಕಿಟ್ಟಿದ್ದಳು. ಒಂದು ಕಡೆಯೂ ಕಫ ಕೇಳಿರಲಿಲ್ಲ.

ನನಗೆ ಕೂಡಲೇ ನೆನಪಾದದ್ದು ತುಮಕೂರು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಅವಲಾನ್ ಎಂಬ ಹಳೇ ಕಟ್ಟಡದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಶುರುವಾದದ್ದು. ಇಡೀ ದೇಶದ ಟಿ.ಬಿ. ಕಾರ್ಯಕ್ರಮದ ಬುನಾದಿ ಬಿದ್ದದ್ದು ಅಲ್ಲಿಯ ಅಧ್ಯಯನಗಳಿಂದ. ಅದರಲ್ಲೊಂದು, ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿ 1963ರಲ್ಲಿ ಪ್ರಕಟಿಸಿದ್ದು. ಹಳ್ಳಿ ಜನಕ್ಕೆ ತಮ್ಮ ಕಾಯಿಲೆಯ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂದು ದೊಡ್ಡವರೆಲ್ಲ ನಂಬಿದ್ದ ಕಾಲ ಅದು. ಮನೆಮನೆಗೆ ಹೋಗಿ ಕೇಳಿದಾಗ ಕಂಡದ್ದು ಬೇರೆಯೇ. ಟಿ.ಬಿ. ಇದ್ದ ಬಹುಪಾಲು ಜನಕ್ಕೆ ತಮ್ಮ ಮೈಯಲ್ಲಿ ಏನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು, ಕೆಮ್ಮಿನ ಔಷಧಿ ಹಿಡಿದು ವಾಪಸಾಗಿದ್ದರು. ಜನ ಬಂದಿದ್ದರು, ಪರೀಕ್ಷೆ ಅವರನ್ನು ಮುಟ್ಟಿರಲಿಲ್ಲ. ಅರವತ್ತು ವರ್ಷದ ಮೇಲೂ ನಮ್ಮ ಅಜ್ಜನ ಗೂಡಿನಲ್ಲಿ ಅದೇ ಬಾಟಲಿಗಳು. ನನಗೆ ಸಿಟ್ಟು ಬರುವುದು ಇಲ್ಲಿ. ಆಸ್ಪತ್ರೆಗೆ ಹೋಗಿಲ್ಲ, ಅಜ್ಞಾನ ಎಂದು ಹಳ್ಳಿಯವರನ್ನು ಬೈಯುವವರನ್ನು ಕಂಡರೆ ಆ ಗೂಡು ತೋರಿಸಬೇಕೆನಿಸುತ್ತದೆ.

ಅಜ್ಜನಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ಸರಿಯಾಗಿ ಔಷಧಿ ನುಂಗಿದರೆ ಕೆಲವೇ ವಾರಗಳಲ್ಲಿ ಹರಡುವುದು ತಗ್ಗುತ್ತದೆ, ನೀವು ಎರಡು ತಿಂಗಳು ಮುಗಿಸಿದ್ದೀರಿ, ಕಫ ಈಗ ನೆಗೆಟಿವ್, ಕೂಸೂ ಔಷಧಿಯಲ್ಲಿದೆ, ಎತ್ತಿಕೊಳ್ಳಿ ಎಂದೆ. ಅವನು ಎತ್ತಿಕೊಳ್ಳಲಿಲ್ಲ. ಆ ದಿನ ಅಲ್ಲ, ಮುಂದಿನ ತಿಂಗಳೂ ಅಲ್ಲ. ಹುಡುಗಿ ತಾನಾಗಿ ಕೊಟ್ಟಿಗೆಗೆ ಅಂಬೆಗಾಲಿಟ್ಟು ಹೋಗತೊಡಗಿದ ಮೇಲೆ ಅವನ ಪಣ ನಡೆಯಲಿಲ್ಲ.

ಅಂಗನವಾಡಿಯಲ್ಲಿ ಬೇರೆ ತಕರಾರು. ಅವಳು ಬಂದರೆ ನಮ್ಮ ಮಕ್ಕಳಿಗೂ ಹತ್ತುತ್ತದೆ ಎಂದು ಕೆಲವು ತಾಯಂದಿರು ಎದ್ದರು. ಮೆದುಳಿನ ಟಿ.ಬಿ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಪುಪ್ಪುಸದ ಟಿ.ಬಿ. ಇದ್ದರೂ ಇಷ್ಟು ಸಣ್ಣ ಮಕ್ಕಳು ಹರಡುವುದು ತೀರಾ ವಿರಳ, ಕ್ರಿಮಿ ಕಡಿಮೆ, ಕೆಮ್ಮಿಗೆ ಅಷ್ಟು ಬಲವೂ ಇಲ್ಲ. ಅದನ್ನು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಹೇಳಿದಳು. ನನಗಿಂತ ಅವಳ ಮಾತೇ ನಡೆಯಿತು. “ಲಸಿಕಿ ಹಾಕ್ಸಿದ್ವಲ್ರಿ, ಮತ್ತ್ಯಾಕ ಬಂತು?” ಎಂಬ ಪ್ರಶ್ನೆಯೂ ಬಂತು. ಹುಡುಗಿಯ ಎಡ ತೋಳಿನಲ್ಲಿ ಬಿಸಿಜಿ ಕಲೆ ಇತ್ತು. 1921ರಿಂದ ಬಳಕೆಯಲ್ಲಿರುವ ಲಸಿಕೆ ಅದು. ದೊಡ್ಡವರ ಪುಪ್ಪುಸದ ಟಿ.ಬಿ.ಯನ್ನು ಅದು ತಡೆಯುವುದಿಲ್ಲ ಎಂದು ತಮಿಳುನಾಡಿನ ಚೆಂಗಲ್‌ಪಟ್ಟಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪರೀಕ್ಷೆ ತೋರಿಸಿತು. ಆದರೆ ಮಕ್ಕಳ ಮೆದುಳಿನ ಟಿ.ಬಿ.ಯನ್ನು ಅದು ಬಹುಪಾಲು ತಡೆಯುತ್ತದೆ. ಬಹುಪಾಲು ಎಂದರೆ ಎಲ್ಲವೂ ಅಲ್ಲ. ಅದಿಲ್ಲದಿದ್ದರೆ ಈ ಸಾಲುಗಳು ನನ್ನ ಮೊಬೈಲಿಗೆ ಇನ್ನೂ ಎಷ್ಟು ಬರುತ್ತಿದ್ದವೋ.

ಲಸಿಕೆ ಬಿಟ್ಟರೆ ಇರುವ ಇನ್ನೊಂದು ರಕ್ಷಣೆಯ ಬಗ್ಗೆ ಬರೆಯಬೇಕೆಂದೇ ಈ ಬರಹ ಶುರು ಮಾಡಿದ್ದು. ಮನೆಯಲ್ಲಿ ದೊಡ್ಡವರಿಗೆ ಪುಪ್ಪುಸದ ಟಿ.ಬಿ. ಪತ್ತೆಯಾದ ದಿನವೇ ಆ ಮನೆಯ ಐದು ವರ್ಷದೊಳಗಿನ ಪ್ರತಿ ಕೂಸನ್ನೂ ನೋಡಬೇಕು. ಕೆಮ್ಮು, ಜ್ವರ, ತೂಕ ಇಳಿಕೆ ಇದ್ದರೆ ಪರೀಕ್ಷೆಗೆ. ಏನೂ ಇಲ್ಲ, ಚೆನ್ನಾಗಿ ಆಡುತ್ತಿದೆ ಎಂದರೆ ಆರು ತಿಂಗಳು ದಿನಾ ಐಸೋನಿಯಾಜಿಡ್ ಎಂಬ ತಡೆ ಗುಳಿಗೆ. 10 ಕೆ.ಜಿ. ಕೂಸಿಗೆ 100 ಮಿಲಿಗ್ರಾಂನ ಒಂದು ಗುಳಿಗೆ. ಎರಡು ವರ್ಷ ದಾಟಿದವರಿಗೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಕೊಡುವ ಹೊಸ ಜೋಡಿ ಔಷಧಿಯೂ ಇದೆ. 2021ರ ಮಾರ್ಗಸೂಚಿಯಿಂದ ಮನೆಯ ದೊಡ್ಡವರಿಗೂ ಈ ತಡೆ ಔಷಧಿ ಉಂಟು. ಎಲ್ಲ ಉಚಿತ. ಐಸೋನಿಯಾಜಿಡ್ 1952ರಿಂದ ಇರುವ ಔಷಧಿ, ಬೆಲೆಯೂ ಅಗ್ಗ. ಅಜ್ಜನ ಕಫ ಬೇಸಿಗೆಯಲ್ಲೇ ಲ್ಯಾಬಿಗೆ ಬಂದಿದ್ದರೆ ಮರುದಿನವೇ ಆ ಗುಳಿಗೆ ನಾನು ಮೊಮ್ಮಗಳಿಗೆ ಕೊಡುತ್ತಿದ್ದೆ.

ಕೊಡುವುದು ಸುಲಭವಲ್ಲ, ಅದನ್ನೂ ಹೇಳಬೇಕು. ಮಂಗಳೂರಿನ ಮೀನು ದಕ್ಕೆಯಲ್ಲಿ ದುಡಿಯುತ್ತಿದ್ದ ಒಬ್ಬ ತರುಣ ಟಿ.ಬಿ. ಹಿಡಿದು ಊರಿಗೆ ಬಂದ. ಮನೆಯಲ್ಲಿ ಇನ್ನೂ ವರ್ಷ ತುಂಬದ ಗಂಡುಕೂಸು, ದುಂಡು ದುಂಡಗೆ, ನನ್ನ ಪೆನ್ನು ಕಿತ್ತುಕೊಳ್ಳುವಷ್ಟು ಚುರುಕು. ಅದರ ಅವ್ವ ಗುಳಿಗೆ ಬೇಡವೇ ಬೇಡ ಎಂದಳು. “ನಗ್ಯಾಡೂ ಕೂಸಿಗೆ ಟಿ.ಬಿ. ಗುಳಿಗಿ ನುಂಗ್ಸಂತೀರಲ್ರಿ, ನಿಮಗ ಮಕ್ಕಳಿಲ್ಲೇನ್ರಿ?” ಅವಳ ಕೋಪ ನನಗೆ ತಪ್ಪೆನಿಸಲಿಲ್ಲ. ಕಾಯಿಲೆ ಬಂದಾಗ ಔಷಧಿ ಕೊಡುವುದು ಯಾರಿಗಾದರೂ ತಿಳಿಯುತ್ತದೆ. ಬಾರದ ಕಾಯಿಲೆಗೆ ಆರು ತಿಂಗಳು ಕೊಡು ಎಂದರೆ ಯಾವ ತಾಯಿಗಾದರೂ ಅನುಮಾನ ಬರಬೇಕಾದದ್ದೇ. ಮೂರು ಸಲ, ನಾಲ್ಕು ಸಲ ಹೋಗಬೇಕು, ಕೂತು ಮಾತಾಡಬೇಕು, ಅತ್ತೆಗೂ ಹೇಳಬೇಕು. ಹೀಗೊಂದು ಮನೆ ಇದೆ ಎಂದು, ಯಾರದೆಂದು ಹೇಳದೆ, ಆ ಹುಡುಗಿಯ ಅವ್ವನ ಹತ್ತಿರ ಮಾತಿಗೆ ಅಂದಿದ್ದೆ. “ಆಕಿ ಒಪ್ಪಿದ್ರ ನಾನ ಮಾತಾಡ್ತೀನ್ರಿ” ಎಂದಳು. ಇಬ್ಬರೂ ಒಪ್ಪಿದ ಮೇಲೆ ಸಂತೆಯ ದಿನ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಮಾತಾಡಿದರು. ನಾನು ದೂರ ಇದ್ದೆ, ಏನು ಮಾತಾಡಿದರೋ ಕೇಳಿಸಲಿಲ್ಲ. ಹುಡುಗಿ ಜೊತೆಗಿದ್ದಳು, ಬಲಗಾಲು ಸ್ವಲ್ಪ ಎಳೆದುಕೊಂಡು ಕಟ್ಟೆ ಸುತ್ತ ಓಡಾಡುತ್ತಿದ್ದಳು. ಆ ಮಧ್ಯಾಹ್ನವೇ ಗಂಡುಕೂಸಿನ ಮೊದಲ ತಿಂಗಳ ಗುಳಿಗೆ ಹೋಯಿತು.

ಅದರ ಆರೂ ತಿಂಗಳು ಮುಗಿದವು. ಅಪ್ಪನೂ ಗುಣವಾಗಿ ಮತ್ತೆ ದಕ್ಕೆಗೆ ಹೋದ. ಹುಡುಗಿಗೆ ಮೂರೂವರೆ ದಾಟಿದೆ, ಎಡಗೈಯಲ್ಲಿ ಊಟ ಮಾಡುತ್ತಾಳೆ, ಮಾತು ಒಂದೊಂದೇ ಬರುತ್ತಿವೆ, ಕೊಪ್ಪಳಕ್ಕೆ ಫಿಜಿಯೋಥೆರಪಿಗೆ ಹೋಗಿಬರುತ್ತಾರೆ. ಬಸ್ಸು, ಕೂಲಿ ತಪ್ಪುವುದು, ಎಲ್ಲ ಸೇರಿ ಆ ಅವ್ವನಿಗೆ ಇದು ಸಣ್ಣ ಹೊರೆಯಲ್ಲ. ಚಿಕಿತ್ಸೆಯಲ್ಲಿರುವ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಮಕ್ಕಳಿಗೂ ಸಿಗುತ್ತದೆ, ಬ್ಯಾಂಕ್ ಖಾತೆಗೇ ಬರುತ್ತದೆ. ಔಷಧಿ ಮುಗಿದ ಮೇಲೆ ನಿಂತುಹೋಗುತ್ತದೆ. ಕಾಲು ಎಳೆಯುವುದು ಮಾತ್ರ ನಿಲ್ಲುವುದಿಲ್ಲವಲ್ಲ. ಇಂಥ ಮಕ್ಕಳಿಗೆ ಆಮೇಲಿನ ವರ್ಷಗಳಲ್ಲೂ ಏನಾದರೂ ಸಿಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಸಭೆಗಳಲ್ಲೂ ಹೇಳಿದ್ದೇನೆ.

ಓದುತ್ತಿರುವವರ ಮನೆಯಲ್ಲೋ ಪಕ್ಕದಲ್ಲೋ ಎರಡು ವಾರ ದಾಟಿದ ಕೆಮ್ಮು ಇದ್ದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಬೇಕೆಂದು ನೀವಾಗಿಯೇ ಕೇಳಿ. ಬಾಟಲಿ ಕೊಟ್ಟರೆ ತೆಗೆದುಕೊಳ್ಳಿ, ಡಬ್ಬಿಯನ್ನೂ ಕೇಳಿ. ಟಿ.ಬಿ. ಎಂದು ಗೊತ್ತಾದರೆ ಮನೆಯ ಸಣ್ಣ ಮಕ್ಕಳ ತಡೆ ಗುಳಿಗೆ ಯಾವಾಗ ಎಂದು ಅದೇ ದಿನ ಕೇಳಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ನಿಕ್ಷಯ್ ಸಹಾಯವಾಣಿ 1800-11-6666 ಇದೆ, ಕರೆಗೆ ದುಡ್ಡಿಲ್ಲ. ನಿಮ್ಮ ತಾಲ್ಲೂಕಿನಲ್ಲೂ ನನ್ನಂಥ ಒಬ್ಬರು ಇದ್ದೇ ಇರುತ್ತಾರೆ, ತಾಲ್ಲೂಕು ಆಸ್ಪತ್ರೆಯ ಟಿ.ಬಿ. ವಿಭಾಗದಲ್ಲಿ ಕೇಳಿದರೆ ಅವರ ನಂಬರು ಕೊಡುತ್ತಾರೆ.